57ರಲ್ಲಿ ಅಮೆರಿಕಕ್ಕೆ ನೆಲೆಸಲು ಹೊರಟರೆ ವಿಮಾನ ಹತ್ತುವ ಮುಂಚೆ ಏನೇನು ಮುಗಿಸಬೇಕು?

ಕೇಳಿದವರು, ಹಾಸನ

ನನಗೆ 57, ಮನೆಯವಳಿಗೆ 53. ನಾನು ಹುಟ್ಟಿದ್ದು 1968ರಲ್ಲಿ ಅರಕಲಗೂಡು ಕಡೆಯ ಹಳ್ಳಿಯಲ್ಲಿ, ಅವಳು 1972ರಲ್ಲಿ. ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೇನೆ, ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದಾಳೆ. ಪೌರತ್ವ ಬಂದಿದೆ, ನಮ್ಮಿಬ್ಬರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುತ್ತೇನೆ ಅಂತಿದ್ದಾಳೆ. ಮೈಸೂರಿನಲ್ಲಿ 1996ರಲ್ಲಿ 3.5 ಲಕ್ಷಕ್ಕೆ ಕೊಂಡ ಸೈಟಿದೆ, ಈಗ 90 ಲಕ್ಷ ಬಾಳುತ್ತದೆ. ಊರಿನ 2 ಎಕರೆ ತೆಂಗಿನ ತೋಟ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ನನಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಅಲ್ಲಿ ಸುಮ್ಮನೆ ಕೂರದೆ ಇಬ್ಬರೂ ದುಡಿಯಬೇಕು ಅಂತ ಆಸೆ. ಬಲ್ಲವರು ದಾರಿ ಹೇಳಿ.

ಅರ್ಜಿ, ದಾಖಲೆ ನೋಡಿಕೊಡುವವರು, ಬೆಂಗಳೂರು

ಸರ್, ಅರ್ಜಿಗಿಂತ ಮೊದಲು ಹೆಸರು ಸರಿಮಾಡಿಸಿಕೊಳ್ಳಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಾಗೆ ಖಾಲಿ ಬಿಟ್ಟರೆ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಕಾಲಮಿಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬೀಳುತ್ತದೆ. ಗ್ರೀನ್ ಕಾರ್ಡು, ಸೋಶಿಯಲ್ ಸೆಕ್ಯೂರಿಟಿ ಕಾರ್ಡು, ಬ್ಯಾಂಕು, ಲೈಸೆನ್ಸು ಎಲ್ಲ ಕಡೆಯೂ ಅದೇ ಹಿಂಬಾಲಿಸುತ್ತದೆ. ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಇಲ್ಲೇ ಮಾಡಿಸಿ, ಆಮೇಲೆ ಆಧಾರ್, ಪ್ಯಾನ್ ಅದಕ್ಕೆ ಹೊಂದಿಸಿ.

ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಂದು. ನೀವು ಅದಕ್ಕೂ ಮುಂಚಿನವರು. ನೋಂದಣಿ ಇಲ್ಲದಿದ್ದರೆ ಅಲಭ್ಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಿಮ್ಮ ಹುಟ್ಟು ಬಲ್ಲ ಹಿರಿಯರಿಬ್ಬರ ಅಫಿಡವಿಟ್ ಸಾಕು. ಮೇಡಂ ಅವರದು 1972, ಅವರಿಂದ ಜನನ ಪ್ರಮಾಣಪತ್ರವನ್ನೇ ಕೇಳುತ್ತಾರೆ. ನೋಂದಣಿ ಆಗಿಲ್ಲದಿದ್ದರೆ ತಡ ನೋಂದಣಿಗೆ ಅಧಿಕಾರಿಯ ಆದೇಶ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ವಾರವೇ ಶುರುಮಾಡಿ. ಮದುವೆ ನೋಂದಣಿಯನ್ನೂ ಮುಗಿಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಹಳೆಯ ಲಗ್ನಪತ್ರಿಕೆ, ಫೋಟೊ ಎತ್ತಿಟ್ಟುಕೊಳ್ಳಿ. ಅಮ್ಮನಿಗೆ ಮಗಳ ಜನನ ಪತ್ರ ಒಂದೇ ಸಾಕಾದರೂ ಅಪ್ಪನ ಅರ್ಜಿಗೆ ವಿವಾಹ ಪತ್ರವೂ ಬೇಕು.

ಇಬ್ಬರಿಗೂ ಮಗಳು ಬೇರೆ ಬೇರೆ ಐ-130 (ಸಂಬಂಧಿಕರಿಗಾಗಿ ಹಾಕುವ ಅರ್ಜಿ) ಹಾಕಬೇಕು. ಒಂದಕ್ಕೆ ಆನ್‌ಲೈನಿನಲ್ಲಿ 625 ಡಾಲರ್. ಮುಂದೆ ವೀಸಾ ಶುಲ್ಕ ತಲೆಗೆ 325, ಗ್ರೀನ್ ಕಾರ್ಡ್ ಅಚ್ಚಿಗೆ ತಲೆಗೆ 235. ಮಗಳು ಐ-864 ಎಂಬ ಪೋಷಣೆಯ ಹೊಣೆಪತ್ರದಲ್ಲಿ ಆದಾಯ ತೋರಿಸಬೇಕು. ಅವಳು, ಅಳಿಯ, ಇಬ್ಬರು ಮಕ್ಕಳು, ನೀವಿಬ್ಬರು ಸೇರಿ ಆರು ಜನ ಎಂದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 54 ಸಾವಿರ ಡಾಲರ್. ಸಹಿ ಹಾಕಿದ ಮೇಲೆ ನಿಮಗೆ ಪೌರತ್ವ ಬರುವವರೆಗೆ ಅಥವಾ ದುಡಿಮೆಯ 40 ಕ್ವಾರ್ಟರ್ (ವರ್ಷಕ್ಕೆ ನಾಲ್ಕರಂತೆ) ತುಂಬುವವರೆಗೆ ಆ ಹೊಣೆ ಅವಳದು. ಇದನ್ನು ಅಳಿಯನೂ ತಿಳಿದಿರಲಿ.

ವೈದ್ಯಕೀಯ ತಪಾಸಣೆಯಲ್ಲಿ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೆ ಕಫದ ಕಲ್ಚರ್‌ಗೆ 8 ವಾರದವರೆಗೆ ಕಾಯಿಸುತ್ತಾರೆ. ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿ ಇದ್ದರೆ ಒಯ್ಯಿರಿ. ವೀಸಾ ಬರುವ ಮುಂಚೆ ಟಿಕೆಟ್ ಕೊಳ್ಳಬೇಡಿ.

ತೆರಿಗೆ ಲೆಕ್ಕ ಬರೆಯುವವರು, ಡಲ್ಲಾಸ್

ಸೈಟು ಮಾರುವ ಮನಸ್ಸಿದ್ದರೆ ಅಮೆರಿಕದಲ್ಲಿ ಇಳಿಯುವ ಮುಂಚೆಯೇ ಮಾರಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಗ್ರೀನ್ ಕಾರ್ಡಿನ ವೀಸಾ ಹಿಡಿದು ಇಳಿದ ದಿನದಿಂದ ನೀವು ಅಲ್ಲಿಯ ತೆರಿಗೆ ನಿವಾಸಿ, ಹಾಸನದ ಬ್ಯಾಂಕಿನ ಬಡ್ಡಿಯೂ ಅಲ್ಲಿಯ ಲೆಕ್ಕಕ್ಕೆ ಬರುತ್ತದೆ. ಕೆನಡಾದಲ್ಲಾದರೆ ನೆಲೆಸಲು ಬಂದ ದಿನದ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯುತ್ತಾರೆ. ಅಮೆರಿಕ ಹಾಗೆ ಮಾಡುವುದಿಲ್ಲ. ಭಾರತದ ಕಾನೂನು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ಹಿಡಿಯಲು ಬಿಡುತ್ತದೆ, ಅಮೆರಿಕದಲ್ಲಿ ಅದೂ ನಡೆಯದು. ನಿಮ್ಮ ಅಸಲು 1996ರ 3.5 ಲಕ್ಷ, ಆಗ ಡಾಲರಿಗೆ ಸುಮಾರು 35 ರೂಪಾಯಿ, ಅಂದರೆ 10 ಸಾವಿರ ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ ಮಾರಿದ ಹಣ 1 ಲಕ್ಷ ಡಾಲರ್. 29 ವರ್ಷದ 90 ಸಾವಿರ ಡಾಲರ್ ಲಾಭ ಪೂರ್ತಿ ಅಲ್ಲಿಯ ರಿಟರ್ನಿನಲ್ಲಿ ಕೂರುತ್ತದೆ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಫೆಡರಲ್ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕ್ಯಾಲಿಫೋರ್ನಿಯಾ ರಾಜ್ಯ ಮಾತ್ರ ಅದನ್ನು ಕಳೆಯಲು ಬಿಡುವುದಿಲ್ಲ, ಲಾಭಕ್ಕೆ ಸಂಬಳದ ದರದಲ್ಲೇ ತೆರಿಗೆ ಹಾಕುತ್ತದೆ.

ಭಾರತದ ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಕೂಡ ನೋಡಿ. ನಿವಾಸಿಯಾಗಿ 90 ಲಕ್ಷಕ್ಕೆ ಮಾರಿದರೆ ಕೊಳ್ಳುವವರು ಹಿಡಿಯುವುದು ಶೇ 1, ಅಂದರೆ 90 ಸಾವಿರ. ಅನಿವಾಸಿಯಾದ ಮೇಲೆ ಶೇ 12.5, ಅದರ ಮೇಲೆ ಸರ್‌ಚಾರ್ಜ್, ಸೆಸ್. ಕಡಿಮೆ ಟಿಡಿಎಸ್ ಪ್ರಮಾಣಪತ್ರ ತಾರದಿದ್ದರೆ ಕೊಳ್ಳುವವರು ಲಾಭದ ಬದಲು ಪೂರ್ತಿ ಬೆಲೆಯ ಮೇಲೆ ಹಿಡಿದುಬಿಡುತ್ತಾರೆ. ಆಗ 12 ಲಕ್ಷಕ್ಕೂ ಮೇಲೆ ಇಲಾಖೆಯಲ್ಲಿ ಸಿಕ್ಕಿಕೊಳ್ಳುತ್ತದೆ, ರಿಟರ್ನ್ ಹಾಕಿ ವಾಪಸ್ ಪಡೆಯಬೇಕು.

ಮಾರಿದ ಕ್ಯಾಲೆಂಡರ್ ವರ್ಷದಲ್ಲೇ ಇಳಿಯುವಿರಾದರೆ ಇನ್ನೊಂದು ಎಚ್ಚರ. ಜಂಟಿ ರಿಟರ್ನ್ ಹಾಕುವ ಆಸೆಗೆ 'ಇಡೀ ವರ್ಷ ನಿವಾಸಿ' ಎಂದು ಆರಿಸಿಕೊಂಡರೆ, ಬರುವ ಮುಂಚೆ ಮಾರಿದ್ದೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರಿನೊಳಗೆ ಮಾರಿ ಜನವರಿಯಲ್ಲಿ ಇಳಿಯುವುದು ಕ್ಷೇಮ, ವೀಸಾ ಅವಧಿ ಮೀರದಂತೆ ನೋಡಿಕೊಳ್ಳಿ.

ಮ್ಯೂಚುವಲ್ ಫಂಡ್ ಇದ್ದರೆ ಹೊರಡುವ ಮುಂಚೆ ಬಿಡಿಸಿಕೊಳ್ಳಿ. ಅಲ್ಲಿ ಅವಕ್ಕೆ ಬೇರೆಯೇ ಕಠಿಣ ನಿಯಮ, ಒಂದೊಂದು ಫಂಡಿಗೂ ಒಂದೊಂದು 8621 ಫಾರಂ. ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಬೇಕು. ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಬಹುದು, ಮುಂದುವರಿಸುವಂತಿಲ್ಲ. ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10 ಸಾವಿರ ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಕಡ್ಡಾಯ. ಇಲ್ಲಿ ಎಡವುವುದು ಹೀಗೆ: ತಂಗಿಯ ಠೇವಣಿಗೆ ಜಂಟಿ ಹೆಸರು ಕೊಟ್ಟಿರುತ್ತಾರೆ, ಅದು ತಮ್ಮದಲ್ಲ ಎಂದು ಬಿಟ್ಟುಬಿಡುತ್ತಾರೆ. ಅದೂ ಲೆಕ್ಕವೇ. ಸುಮ್ಮನೆ ಸೇರಿಸಿದ ಹೆಸರುಗಳನ್ನೆಲ್ಲ ಈಗಲೇ ತೆಗೆಸಿ.

ಜಮೀನಿನ ದಾಖಲೆ ಬಲ್ಲವರು, ಹೊಳೆನರಸೀಪುರ

ತೋಟ ಮಾರಬೇಡಿ ಅಂತಲೇ ನನ್ನ ಮಾತು. ಅನಿವಾಸಿಯಾದ ಮೇಲೆ ಕೃಷಿ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳಲು ಬರುವುದಿಲ್ಲ. ಒಮ್ಮೆ ಬಿಟ್ಟರೆ ಬಿಟ್ಟಂತೆ. ಆದರೆ ಪಹಣಿ ಅಪ್ಪನ ಹೆಸರಲ್ಲಿ ಬಿಟ್ಟು ಹೋಗಬೇಡಿ. ವಂಶವೃಕ್ಷ, ಮರಣ ಪತ್ರ ಕೊಟ್ಟು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಎಲ್ಲರೂ ಊರಲ್ಲಿರುವಾಗಲೇ ವಿಭಾಗಪತ್ರ ನೋಂದಾಯಿಸಿ, ಪೋಡಿ (ಅಳೆದು ಭಾಗ ಬೇರ್ಪಡಿಸುವುದು) ಮಾಡಿಸಿ. ಫ್ರೀಮಾಂಟಿನಿಂದ ಒಂದು ಸಹಿ ಹಾಕಬೇಕೆಂದರೆ ಕಾನ್ಸುಲೇಟಿನಲ್ಲಿ ದೃಢೀಕರಿಸಿ, ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು.

ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆದುಕೊಡುವಾಗ 'ಎಲ್ಲ ಅಧಿಕಾರ' ಅಂತ ಬರೆಯಬೇಡಿ. ಕಂದಾಯ ಕಟ್ಟುವುದು, ಕಾಯಿ ಮಾರುವುದು, ಕಚೇರಿಗಳಲ್ಲಿ ಹಾಜರಾಗುವುದು ಎಂದು ಒಂದೊಂದಾಗಿ ಬರೆದು, ಮಾರುವ, ಅಡಮಾನ ಇಡುವ ಅಧಿಕಾರ ಇಲ್ಲ ಎಂದು ಸ್ಪಷ್ಟವಾಗಿ ಸೇರಿಸಿ, ನೋಂದಾಯಿಸಿ.

ಔಷಧ ಅಂಗಡಿಯಲ್ಲಿ ಕೆಲಸ ಮಾಡುವವರು, ನ್ಯೂಜೆರ್ಸಿ

ಅಣ್ಣಾ, ನೀವು ನುಂಗುವ ಮಾತ್ರೆಯ ಪಟ್ಟಿ ತೆಗೆದು ಒಳಗಿನ ಔಷಧದ ಹೆಸರು ಓದಿ. ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಇಲ್ಲಿ ಸಿಗುವುದಿಲ್ಲ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಬೇರೆ ಬೇರೆಯಾಗಿ ಸಿಗುತ್ತವೆ, ಎರಡೂ ಕೂಡಿದ ಒಂದೇ ಮಾತ್ರೆ ಇಲ್ಲ. ಹೊರಡುವ 3 ತಿಂಗಳ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಇಲ್ಲಿ ಸಿಗುವ ಔಷಧಕ್ಕೆ ಬದಲಾಯಿಸಿಕೊಂಡು, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ) ಹತೋಟಿಯಲ್ಲಿ ನಿಂತಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. 90 ದಿನದ ಮಾತ್ರೆ, ಟೈಪ್ ಮಾಡಿದ ಚೀಟಿ ಕೈಚೀಲದಲ್ಲಿರಲಿ. ಹಲ್ಲು, ಕಣ್ಣಿನ ಪೊರೆ ಅಲ್ಲೇ ಮುಗಿಸಿ. ಹಲ್ಲಿನ ಇಂಪ್ಲಾಂಟ್ ಕೂರಲು ಮೂರರಿಂದ ಆರು ತಿಂಗಳು ಬೇಕು.

ಮಗಳ ಕಂಪನಿಯ ವಿಮೆಗೆ ಅಪ್ಪ ಅಮ್ಮನನ್ನು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಪ್ರವಾಸಿಗರ ವಿಮೆ ನಂಬಬೇಡಿ, ಮೊದಲೇ ಇದ್ದ ಕಾಯಿಲೆಯನ್ನು ಅದು ಹೊರಗಿಡುತ್ತದೆ. ಇಳಿದ 60 ದಿನದೊಳಗೆ ರಾಜ್ಯದ ವಿಮಾ ಮಾರುಕಟ್ಟೆಯಾದ ಕವರ್ಡ್ ಕ್ಯಾಲಿಫೋರ್ನಿಯಾದಲ್ಲಿ ವಿಮೆ ತೆಗೆದುಕೊಳ್ಳಿ. ಆ ಗಡುವು ದಾಟಿದರೆ ವರ್ಷದ ನೋಂದಣಿಯವರೆಗೆ ಕಾಯಬೇಕು, ವಿಮೆಯಿಲ್ಲದ ತಿಂಗಳುಗಳಿಗೆ ರಾಜ್ಯದ ದಂಡ ಬೀಳಬಹುದು. ಮಗಳು ನಿಮ್ಮನ್ನು ಅವಲಂಬಿತರೆಂದು ತೆರಿಗೆಯಲ್ಲಿ ತೋರಿಸಿದರೆ ವಿಮೆ ಕಂತಿನ ಸಹಾಯಧನಕ್ಕೆ ಅವಳ ಆದಾಯವೇ ಲೆಕ್ಕ, ಅದನ್ನು ಮೊದಲೇ ಕೂಡಿ ಕಳೆದು ನೋಡಿ.

ಶಾಲಾ ಜಿಲ್ಲೆಯೊಂದರ ನೇಮಕಾತಿ ವಿಭಾಗದಿಂದ, ಸ್ಯಾಕ್ರಮೆಂಟೊ

57ರಲ್ಲಿ ಬರುತ್ತಿರುವುದು ನಿಮ್ಮ ಪುಣ್ಯ ಅನ್ನಿ, 65ರಲ್ಲಿ ಬಂದವರಿಗೆ ಈ ಲೆಕ್ಕ ಕೂಡಿಬರುವುದು ಕಷ್ಟ. 40 ಕ್ರೆಡಿಟ್ (ಮೇಲೆ ಹೇಳಿದ ಕ್ವಾರ್ಟರುಗಳೇ) ಆದರೆ ಸೋಶಿಯಲ್ ಸೆಕ್ಯೂರಿಟಿ ಪಿಂಚಣಿ, 65 ಆದ ಮೇಲೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರಿನ ಭಾಗ ಎ (ಆಸ್ಪತ್ರೆ ಖರ್ಚಿನದು) ಕಂತಿಲ್ಲದೆ ಸಿಗುತ್ತದೆ. 2025ರಲ್ಲಿ 1,810 ಡಾಲರ್ ದುಡಿಮೆಗೆ ಒಂದು ಕ್ರೆಡಿಟ್, ವರ್ಷಕ್ಕೆ ನಾಲ್ಕೇ. ಅಂದರೆ ವರ್ಷಕ್ಕೆ 7,240 ಡಾಲರ್ ದುಡಿದರೂ ನಾಲ್ಕೂ ಬಂದವು. 58ಕ್ಕೆ ಕೆಲಸ ಹಿಡಿದರೆ 68ಕ್ಕೆ 40 ಪೂರ್ತಿ. ಭಾರತದ ಜೊತೆ ಇದಕ್ಕೆ ಒಪ್ಪಂದವಿಲ್ಲ, ಬ್ಯಾಂಕಿನ ವರ್ಷಗಳು ಸೇರುವುದಿಲ್ಲ. 30 ದಾಟಿ 40 ಮುಟ್ಟದಿದ್ದರೆ ಭಾಗ ಎ ಕಂತು 2025ರಲ್ಲಿ ತಿಂಗಳಿಗೆ 285 ಡಾಲರ್, 30 ಕೂಡ ಇಲ್ಲದಿದ್ದರೆ 518. ನಗದು ತೆಗೆದುಕೊಂಡು ಪಕ್ಕದ ಮನೆಯ ಮಗು ನೋಡಿಕೊಂಡು, ತೆರಿಗೆಯಲ್ಲಿ ತೋರಿಸದಿದ್ದರೆ ಒಂದು ಕ್ರೆಡಿಟ್ಟೂ ಬರುವುದಿಲ್ಲ.

ಮೇಡಂ ಅವರ ಬಿ.ಎಸ್ಸಿ., ಬಿ.ಎಡ್. ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆಯಲ್ಲಿ ಈಗಲೇ ಎರಡು ಪ್ರತಿ ತೆಗೆಸಿಡಿ. ಇಲ್ಲಿಂದ ತರಿಸುವುದೇ ದೊಡ್ಡ ತಲೆನೋವು. ಮೌಲ್ಯಮಾಪನ ಆದ ಮೇಲೆ ತರಗತಿ ಸಹಾಯಕರ ಕೆಲಸದಿಂದ ಶುರುಮಾಡುವುದು ಒಳ್ಳೆಯದು, ಮಕ್ಕಳ ಇಂಗ್ಲಿಷ್ ಕಿವಿಗೆ ಬೀಳುತ್ತದೆ. ಒಂದು ಸೂಕ್ಷ್ಮ: ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳ ಶಿಕ್ಷಕರ ಪಿಂಚಣಿ ಯೋಜನೆಯಲ್ಲಿ ಸೋಶಿಯಲ್ ಸೆಕ್ಯೂರಿಟಿ ಕಡಿತವಿಲ್ಲ. ಸಹಾಯಕ ಸಿಬ್ಬಂದಿಗೆ ಸಾಮಾನ್ಯವಾಗಿ ಇರುತ್ತದೆ. ಸೇರುವ ಮುಂಚೆ ಕೇಳಿ.

ಬ್ಯಾಂಕಿನವರಿಗೆ ಹೇಳಿಮಾಡಿಸಿದ್ದು ಎನ್‌ರೋಲ್ಡ್ ಏಜೆಂಟ್ (ತೆರಿಗೆ ಇಲಾಖೆಯ ಮಾನ್ಯತೆ ಪಡೆದ ತೆರಿಗೆ ಸಲಹೆಗಾರ) ಪರೀಕ್ಷೆ. ಮೂರು ಪತ್ರಿಕೆ, ತಲಾ 100 ಪ್ರಶ್ನೆ, ಪದವಿಯ ಷರತ್ತಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ತೆರಿಗೆ ಕಚೇರಿಗಳಿಗೆ ಜನ ಬೇಕೇ ಬೇಕು.

ಮನೆ ನಡೆಸುವವರ ಪರವಾಗಿ, ಸ್ಯಾನ್ ಹೊಸೆ

ಹಳೆಯ ಗ್ರೈಂಡರ್ ಹೊತ್ತು ತರಬೇಡಿ. ಇಲ್ಲಿ 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 50 ಹರ್ಟ್ಸಿನ ಗ್ರೈಂಡರ್ ಮೋಟಾರು ಶೇ 20ರಷ್ಟು ಜೋರಾಗಿ ತಿರುಗಿ, ಕಲ್ಲು ಬಿಸಿಯಾಗಿ ಹಿಟ್ಟು ಬೆಚ್ಚಗಾಗುತ್ತದೆ. ಹೊರಡುವ ಮುಂಚೆ 110 ವೋಲ್ಟಿನದನ್ನೇ ಕೇಳಿ ಕೊಳ್ಳಿ. ನಿಮ್ಮ ಕುಕ್ಕರಿಗೆ ನಾಲ್ಕು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ತನ್ನಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುಳಿ ಬರಬೇಕಾದರೆ ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಇಡಿ. ಸಾರಿನ ಪುಡಿ ತರಬಹುದು, ಹಸಿ ಕರಿಬೇವು ಕಸ್ಟಮ್ಸಿನಲ್ಲಿ ಬಿಡುವುದಿಲ್ಲ.

ಕಾರು ಕಲಿಯದೆ ಇಲ್ಲಿ ಬದುಕು ಮಗಳ ಶನಿವಾರಕ್ಕೆ ಕಟ್ಟಿಬೀಳುತ್ತದೆ. ಇಬ್ಬರೂ ಕಲಿಯಿರಿ, ಮೇಡಂ ಮೊದಲು. ಲಿಖಿತ ಪರೀಕ್ಷೆಗೆ 36 ಪ್ರಶ್ನೆ, 30 ಸರಿಯಿರಬೇಕು. ಓಡಿಸುವ ಪರೀಕ್ಷೆಯಲ್ಲಿ ನಮ್ಮವರು ಸೋಲುವುದು ಎರಡೇ ಕಡೆ: ಸ್ಟಾಪ್ ಫಲಕದಲ್ಲಿ ಚಕ್ರ ಪೂರ್ತಿ ನಿಲ್ಲಿಸದೆ ಉರುಳಿಸಿಬಿಡುತ್ತಾರೆ, ಲೇನ್ ಬದಲಿಸುವಾಗ ಕನ್ನಡಿ ನೋಡಿ ಕತ್ತು ತಿರುಗಿಸುವುದಿಲ್ಲ.

ಕೇಳಿದವರು, ಹಾಸನ

ಎಲ್ಲರಿಗೂ ಕೈಮುಗಿಯುತ್ತೇನೆ. ಅತ್ತೆಗೆ 82, ಇಲ್ಲೇ ಇದ್ದಾರೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇದ್ದರೆ ಆಗುತ್ತದೆಯೇ?

ಅರ್ಜಿ, ದಾಖಲೆ ನೋಡಿಕೊಡುವವರು, ಬೆಂಗಳೂರು

ಒಂದೆರಡು ಸಲ ಆದೀತು, ಪ್ರತಿವರ್ಷ ಹಾಗೆ ಮಾಡಿದರೆ ನೀವು ಅಲ್ಲಿ ನೆಲೆಸಿಲ್ಲ ಎಂದು ಅಧಿಕಾರಿ ಕೇಳುತ್ತಾರೆ. ಒಂದೇ ಸಲ 6 ತಿಂಗಳು ಮೀರಿದರೆ ಪೌರತ್ವದ 5 ವರ್ಷದ ಎಣಿಕೆಗೆ ಧಕ್ಕೆ. ಆ 5 ವರ್ಷದಲ್ಲಿ ಒಟ್ಟು 30 ತಿಂಗಳು ಅಲ್ಲಿ ಮೈಯಾರೆ ಇರಲೇಬೇಕು. ವರ್ಷ ಮೀರುವಂತಿದ್ದರೆ ಮರುಪ್ರವೇಶ ಪರವಾನಗಿ ಬೇಕು, 630 ಡಾಲರ್, 2 ವರ್ಷದವರೆಗೆ ನಡೆಯುತ್ತದೆ. ಅದಕ್ಕೆ ಅಮೆರಿಕದೊಳಗಿದ್ದೇ ಅರ್ಜಿ ಹಾಕಬೇಕು, ಹಾಸನದಿಂದ ಆಗದು. ಅದು ಗ್ರೀನ್ ಕಾರ್ಡನ್ನು ಕಾಯುತ್ತದೆ, ಪೌರತ್ವದ ಎಣಿಕೆಯನ್ನು ಕಾಯುವುದಿಲ್ಲ.

ಅತ್ತೆಯವರನ್ನು ಬಿಟ್ಟು ಹೊರಡಲು ಮನಸ್ಸಾಗದಿದ್ದರೆ ನೀವೊಬ್ಬರೇ ಮೊದಲು ಹೋಗಿ ಕ್ರೆಡಿಟ್ ಎಣಿಕೆ ಶುರುಮಾಡಿ. ಇಬ್ಬರ ಅರ್ಜಿಯೂ ಬೇರೆಯಾದ್ದರಿಂದ ಮೇಡಂ ಅವರದನ್ನು ಒಂದೆರಡು ವರ್ಷ ಬಿಟ್ಟು ಹಾಕಬಹುದು. ಇಬ್ಬರ ಸಿಮ್ಮಿಗೂ ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ರೀಚಾರ್ಜ್ ನಿಲ್ಲದಂತೆ ನೋಡಿಕೊಳ್ಳಿ. ಬ್ಯಾಂಕಿನ, ಆಧಾರಿನ ಒಟಿಪಿ ಬರುವುದು ಅದೇ ನಂಬರಿಗೆ.