ಮೆಟ್ಟಿಲ ಕಂಬಿ ಕಿತ್ತು ಅತ್ತೆ ಬಿದ್ದರು, ಖರ್ಚನ್ನು ಓನರ್ ಹತ್ತಿರ ಕೇಳಬಹುದಾ?

ಮೇಲಿನ ಮನೆಯವಳು:
ಬೆಂಗಳೂರಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ತಿಂಗಳಿಗೆ 16,000. ಕೆಳಗಡೆ ಓನರ್, ಮೇಲೆ ನಾವು ಮತ್ತು ಇನ್ನೊಂದು ಸಂಸಾರ. ಹೊರಗಿನ ಮೆಟ್ಟಿಲಿನ ಕಬ್ಬಿಣದ ಕಂಬಿ ಬುಡದಲ್ಲಿ ತುಕ್ಕು ಹಿಡಿದು ಅಲ್ಲಾಡುತ್ತಿತ್ತು. ಯುಗಾದಿ ಹೊತ್ತಿಗೇ ಬಾಯಿಮಾತಲ್ಲಿ ಹೇಳಿದ್ದೆವು, ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಹಾಕಿದೆವು, "ಮಳೆ ನಿಲ್ಲಲಿ, ವೆಲ್ಡರ್‌ನ ಕರೆಸ್ತೀನಿ" ಅಂತ ಉತ್ತರ ಬಂತು. ಹೋದ ವಾರ ಅತ್ತೆ ಇಳಿಯುವಾಗ ಅದನ್ನೇ ಹಿಡಿದುಕೊಂಡಿದ್ದಾರೆ, ಕಿತ್ತು ಕೈಗೇ ಬಂದಿದೆ. ಬಲಗೈ ಮಣಿಕಟ್ಟು ಮುರಿದು ಪ್ಲೇಟ್ ಹಾಕಿದ್ದಾರೆ.

ಓನರ್ ಬಂದು 5,000 ಕೊಡುತ್ತೇನೆ ಅಂದರು. ಜೊತೆಗೆ "ಇನ್ನು ಯಾವ ತಕರಾರೂ ಇಲ್ಲ" ಅಂತ ಒಂದು ಚೀಟಿಗೆ ಅತ್ತೆಯ ಸಹಿ ಬೇಕಂತೆ. ಅಗ್ರಿಮೆಂಟ್ ನನ್ನ ಗಂಡನ ಹೆಸರಲ್ಲಿದೆ, "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಅಂತಲೂ ಬರೆದಿದೆ. ನಮಗೆ ಕೇಳೋ ಹಕ್ಕು ಇದೆಯಾ? ಈ ತಿಂಗಳ ಬಾಡಿಗೆ ಕೊಡದೆ ನಿಲ್ಲಿಸಿದರೆ ಏನಾಗುತ್ತದೆ?

ಕೋರ್ಟು ಕಟ್ಟೆ:
ಮೇಡಂ, ಆ ಚೀಟಿಗೆ ಸಹಿ ಬೇಡ. ಬಾಡಿಗೆಯನ್ನೂ ನಿಲ್ಲಿಸಬೇಡಿ, ನಿಲ್ಲಿಸಿದರೆ ಕಂಬಿ ವಿಷಯ ಮರೆತುಹೋಗಿ "ಬಾಡಿಗೆ ಕೊಡದ ಜನ" ಅನ್ನೋದೇ ಕೇಸ್ ಆಗುತ್ತದೆ. ವಕೀಲಿಕೆಯಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಇದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ, ಜನ ಸುಮ್ನೆ ಒಂದಕ್ಕೊಂದು ಸೇರಿಸಿ ಕೆಡಿಸಿಕೊಳ್ಳುತ್ತಾರೆ. ಒಂದು ರಿಪೇರಿ, ಇನ್ನೊಂದು ಪೆಟ್ಟು.

ರಿಪೇರಿಗೆ ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮಗೆ ಸಿಗುವುದಿಲ್ಲ, ಬೆಂಗಳೂರಂಥ ಊರಲ್ಲಿ ಅದು ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಇಲ್ಲ. (ಆ ಬಾಡಿಗೆಗೆ ಈಗ ಕಾರ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ.) ನಿಮಗೆ ಉಳಿದಿರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಪ್ರಕಾರ, ಓನರ್ ತಾನು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. "ಮಾಡಿಸಲೇಬೇಕಾದ" ಅನ್ನೋ ಕಡೆಯೇ ಜಗಳ ಇರೋದು. ಎಲ್ಲ ರಿಪೇರಿಯೂ ಓನರ್ ತಲೆ ಮೇಲೆ ಅಂತ ಆ ಕಾಯ್ದೆ ಎಲ್ಲೂ ಹೇಳಿಲ್ಲ, ಅಗ್ರಿಮೆಂಟಲ್ಲಿ ಏನಿದೆ ಅಂತಲೇ ನೋಡುತ್ತಾರೆ.

ಪೆಟ್ಟಿನ ವಿಷಯದಲ್ಲಿ ನಿಮ್ಮ ಕೈ ಮೇಲಿದೆ. ಎರಡು ಸಂಸಾರ ಓಡಾಡುವ ಹೊರಗಿನ ಮೆಟ್ಟಿಲನ್ನು ನಿಮಗೆ ಬಾಡಿಗೆಗೆ ಕೊಟ್ಟಿಲ್ಲ, ಅದು ಓನರ್ ಸುಪರ್ದಿಯಲ್ಲೇ ಇದೆ. ನಲ್ಲಿ ವಾಷರ್, ಬಲ್ಬು ಸಣ್ಣಪುಟ್ಟ ರಿಪೇರಿ ಸರಿ, ಮೆಟ್ಟಿಲಿನ ಕಂಬಿ ಹೇಗೆ ಸಣ್ಣಪುಟ್ಟ ಆಗುತ್ತದೆ? ಅಪಾಯ ಗೊತ್ತಿದ್ದೂ ಬಿಟ್ಟರು ಅಂತ ತೋರಿಸಿದರೆ ಅದು ನಿರ್ಲಕ್ಷ್ಯ. ಅದಕ್ಕೆ ಪರಿಹಾರ ಕೇಳಲು ಅಗ್ರಿಮೆಂಟಲ್ಲಿ ಹೆಸರು ಇರಬೇಕಾಗಿಲ್ಲ, ಬಿದ್ದವರು ನಿಮ್ಮ ಅತ್ತೆ, ಕೇಳುವವರೂ ಅವರೇ ಆಗಲಿ. ಆಸ್ಪತ್ರೆ ಬಿಲ್ಲು, ಫಿಜಿಯೋಥೆರಪಿ, ಆಟೋ ಖರ್ಚು, ನೋವಿಗೆ ಇಷ್ಟು ಅಂತ ಎಲ್ಲ ಸೇರಿಸಿ ಸಿವಿಲ್ ಕೋರ್ಟಲ್ಲಿ ಕೇಳಬಹುದು.

ಗಾಂಧಿಬಜಾರ್ ಗುರು:
ಹಕ್ಕು ಇದೆ ಸರಿ ಗುರುಗಳೇ, ನೋಟಿಸ್ ಕೊಟ್ಟ ಮಾರನೇ ದಿನ "ಮಗಳ ಮದುವೆ, ಮನೆ ಖಾಲಿ ಮಾಡಿ" ಅಂತಾರಲ್ಲ, ಆಗ? ಅಡ್ವಾನ್ಸ್ ಬೇರೆ ಅವರ ಕೈಲಿ ಕೂತಿದೆ.

ಕೋರ್ಟು ಕಟ್ಟೆ:
ಅದು ನಿಜವಾದ ಭಯವೇ. ತಿಂಗಳ ಬಾಡಿಗೆ ಲೆಕ್ಕದಲ್ಲಿ ಇದ್ದರೆ 15 ದಿನದ ನೋಟಿಸ್ ಸಾಕು. ಹನ್ನೊಂದು ತಿಂಗಳ ಅಗ್ರಿಮೆಂಟ್ ಇನ್ನೂ ನಡೆಯುತ್ತಿದ್ದರೆ, ಮಧ್ಯದಲ್ಲಿ ಬಿಡಿಸೋ ಷರತ್ತು ಇದೆಯಾ ನೋಡಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕೋ ಹಾಗಿಲ್ಲ, ಅದಕ್ಕೆ ಕೋರ್ಟಿಗೇ ಹೋಗಬೇಕು. ಮನೆ ಬಿಟ್ಟರೂ ಪರಿಹಾರದ ಹಕ್ಕು ಹೋಗುವುದಿಲ್ಲ.

ನಾನೂ ಓನರ್:
ಮೂರು ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ನಮ್ಮ ಕಡೆ ಮಾತೂ ಕೇಳಿ. ದಿನಾ ಒಂದು ಕಂಪ್ಲೇಂಟ್ ಬರುತ್ತದೆ, ಯಾವುದು ಅರ್ಜೆಂಟು ಅಂತ ಗೊತ್ತಾಗಲ್ಲ. ಆದರೆ ಫೋಟೊ ನೋಡಿದ ಮೇಲೂ ಮಳೆ ನಿಲ್ಲಲಿ ಅಂದಿದ್ದು ತಪ್ಪು. ಮಳೆಯಲ್ಲೇ ತಾನೇ ಕಂಬಿ ಜಾಸ್ತಿ ಹಿಡಿದುಕೊಳ್ಳೋದು.

ಮೇಲಿನ ಮನೆಯವಳು:
ನಾಳೆ ಬೆಳಗ್ಗೆ ವೆಲ್ಡರ್ ಬರುತ್ತಾನೆ ಅಂತ ಈಗ ಹೇಳಿ ಕಳಿಸಿದ್ದಾರೆ! ಈಗ ಮಾತ್ರ ಮಳೆ ಅಡ್ಡ ಬರಲಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡಬೇಕಾ?

ಕೋರ್ಟು ಕಟ್ಟೆ:
ವೆಲ್ಡರ್ ಬರಲಿ, ತಡೆಯಬೇಡಿ, ಇನ್ನೊಬ್ಬರು ಬೀಳೋದು ಬೇಡ. ಆದರೆ ಇವತ್ತು ರಾತ್ರಿಯೇ ಫೋಟೊ, ವಿಡಿಯೊ ತೆಗೆಯಿರಿ. ತುಕ್ಕು ತಿಂದ ಬುಡ ಹತ್ತಿರದಿಂದ, ಮೆಟ್ಟಿಲು ಪೂರ್ತಿ ದೂರದಿಂದ. ಪಕ್ಕದ ಮನೆಯವರನ್ನು ಕರೆದು ತೋರಿಸಿ. ಮುರಿದ ತುಂಡನ್ನು ಗುಜರಿಗೆ ಹಾಕಬೇಡಿ ಅಂತ ಓನರ್‌ಗೆ ಮೆಸೇಜ್ ಕಳಿಸಿಡಿ. ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಇದ್ದರೂ ಆ ಫೋನನ್ನು ಹಾಗೇ ಇಟ್ಟುಕೊಳ್ಳಿ, ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್‌ನ ಸರ್ಟಿಫಿಕೇಟ್ (ಈ ಪ್ರತಿ ಇಂಥ ಫೋನಿನಿಂದ ತೆಗೆದದ್ದು ಅಂತ ದೃಢೀಕರಿಸೋ ಪತ್ರ) ಜೊತೆಗಿರಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ "ಮೆಟ್ಟಿಲಿನಿಂದ ಬಿದ್ದು" ಅಂತ ಮಾತ್ರ ಇದೆಯಾ, ಕಂಬಿ ಮುರಿದು ಬಿದ್ದರು ಅಂತ ಇದೆಯಾ ನೋಡಿ.

ಪೊಲೀಸ್ ಕಂಪ್ಲೇಂಟ್ ಕೊಡಬಹುದು. ಮೂಳೆ ಮುರಿದರೆ ಕಾನೂನಲ್ಲಿ ಅದು ತೀವ್ರ ಗಾಯವೇ, ಅಜಾಗರೂಕತೆಯಿಂದ ಅದಕ್ಕೆ ಕಾರಣ ಆದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್ ಹಾಕಬಹುದು. ಆದರೆ ಅದರಿಂದ ಬಿಲ್ಲಿನ ದುಡ್ಡು ತಾನಾಗೇ ಬರುವುದಿಲ್ಲ, ಕೆಳಗೆ-ಮೇಲೆ ಒಂದೇ ಕಟ್ಟಡದಲ್ಲಿ ಇರೋರು ನೀವು, ಅದನ್ನೂ ಯೋಚಿಸಿ.

ನಾನಾದರೆ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸುತ್ತೇನೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬಲ. ಹೋಗುವಾಗ ಎಲ್ಲ ಬಿಲ್ಲನ್ನೂ ಒಂದು ಫೈಲಲ್ಲಿ ಹಾಕಿಕೊಂಡು ಹೋಗಿ, ಆಟೋದವನು ಬಿಲ್ ಕೊಡದಿದ್ದರೆ ತಾರೀಕು, ದುಡ್ಡು ನೀವೇ ಬರೆದಿಡಿ.

ಮೇಲಿನ ಮನೆಯವಳು:
ಥ್ಯಾಂಕ್ಸ್ ಸರ್. ನಮ್ಮವರು ಟಾರ್ಚ್ ಹಿಡಿದು ವಿಡಿಯೊ ತೆಗೆಯುತ್ತಿದ್ದಾರೆ, ಪಕ್ಕದ ಮನೆ ಆಂಟಿಯೂ ಬಂದರು. ಅವರ ಸೊಸೆಯೂ ಇದೇ ಕಂಬಿ ಬಗ್ಗೆ ಓನರ್‌ಗೆ ಮೆಸೇಜ್ ಹಾಕಿದ್ದಳಂತೆ. ಅದು ಉಪಯೋಗಕ್ಕೆ ಬರುತ್ತದಾ?

ಕೋರ್ಟು ಕಟ್ಟೆ:
ಬಹಳ. ಆ ಮೆಸೇಜ್ ಡಿಲೀಟ್ ಮಾಡಬೇಡಿ ಅಂತ ಈಗಲೇ ಹೇಳಿ.