ಹೊಟ್ಟೆ ಗುರುಗುಟ್ಟುವುದಕ್ಕೆ ನೀವೇನು ಮಾಡಿದಿರಿ?

ಕೇಳಿದ್ದು, ಬೆಂಗಳೂರಿನಿಂದ
ಬೆಳಿಗ್ಗೆ 11 ಗಂಟೆ ಆಯಿತೆಂದರೆ ನನ್ನ ಹೊಟ್ಟೆ ಗುರ್ರ್ ಎನ್ನಲು ಶುರು. ನೋವಿಲ್ಲ, ಉರಿಯಿಲ್ಲ. ಆದರೆ ಪಕ್ಕದ ಕುರ್ಚಿಯವರಿಗೂ ಕೇಳಿಸುತ್ತದೆ. ಮೀಟಿಂಗಿನಲ್ಲಿ ಕೂರುವುದಕ್ಕೇ ನಾಚಿಕೆ. 7ಕ್ಕೆ ಒಂದು ದೊಡ್ಡ ಲೋಟ ಹಾಲು ಕುಡಿದು ಹೊರಡುತ್ತೇನೆ, ಊಟ ಒಂದೂವರೆಗೆ. ಮನೆಮದ್ದು ಏನಾದರೂ ಇದೆಯಾ?

ಹಾಸನದಿಂದ
ಮದ್ದು ಆಮೇಲೆ, ಮೊದಲು ತಿಂಡಿ ತಿನ್ನಿ! ಆರೂವರೆ ಗಂಟೆ ಬರೀ ಹಾಲಿನ ಮೇಲೆ ಇದ್ದರೆ ಹೊಟ್ಟೆ ತಾಳ ಹಾಕದೆ ಇನ್ನೇನು ಮಾಡುತ್ತದೆ? ನಾನು ಆಫೀಸ್ ಡ್ರಾಯರಿನಲ್ಲಿ ಒಂದು ಡಬ್ಬಿ ಹುರಿದ ಕಡಲೆಬೀಜ ಇಟ್ಟಿದ್ದೇನೆ. ಹತ್ತೂವರೆಗೆ ಒಂದು ಹಿಡಿ, ಮುಗೀತು.

ನರ್ಸ್ ಆಗಿರುವವಳು, ಮಂಗಳೂರಿನಿಂದ
ಮೇಲಿನವರು ಹೇಳಿದ್ದು ಸರಿ. ಹೊಟ್ಟೆ ಖಾಲಿಯಾದ ಮೇಲೆ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಜಠರದಿಂದ ಕರುಳಿನ ಕಡೆಗೆ ಒಂದು ಅಲೆ ಹಿಂಡಿಕೊಂಡು ಹೋಗುತ್ತದೆ. ಉಳಿದದ್ದನ್ನೆಲ್ಲ ಗುಡಿಸಿ ಮುಂದೆ ತಳ್ಳುವ ಕೆಲಸ ಅದು. ಒಳಗೆ ಗಾಳಿ, ನೀರು ಬಿಟ್ಟು ಬೇರೇನೂ ಇಲ್ಲ, ಅದಕ್ಕೇ ಸದ್ದು ಜೋರು. ಅಂದರೆ ಸದ್ದು ರೋಗವಲ್ಲ. ಊಟಕ್ಕೆ ಮೊದಲೋ, ಊಟವಾದ ಮೇಲೋ ಎಂದು ಗಮನಿಸಿ. ಎರಡಕ್ಕೂ ಉಪಾಯ ಬೇರೆ.

ಶಿವಮೊಗ್ಗದಿಂದ
ನನ್ನದು ತಿಂದ ಮೇಲಿನ ಗುಡುಗುಡು. ಹೊಟ್ಟೆಯೊಳಗೆ ಯಾರೋ ಕೊಡ ಅಲುಗಾಡಿಸಿದ ಹಾಗೆ. ಎರಡು ವರ್ಷ ಗ್ಯಾಸ್ ಮಾತ್ರೆ ನುಂಗಿದೆ. ಕೊನೆಗೆ ಗೋಡೆ ಕ್ಯಾಲೆಂಡರಿನಲ್ಲೇ ಬರೆಯತೊಡಗಿದೆ: ಏನು ತಿಂದೆ, ಎಷ್ಟು ಹೊತ್ತಿಗೆ ಸದ್ದು ಬಂತು. ಹದಿನೈದು ದಿನದಲ್ಲಿ ಕಳ್ಳ ಸಿಕ್ಕ. ಹಾಲು! ಕುಡಿದ ಒಂದು ಒಂದೂವರೆ ಗಂಟೆಗೆ ಸರಿಯಾಗಿ ಶುರುವಾಗುತ್ತಿತ್ತು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಕೆಲವರಿಗೆ ಸಣ್ಣ ಕರುಳಿನಲ್ಲಿ ಪೂರ್ತಿ ಅರಗುವುದಿಲ್ಲವಂತೆ. ಅದು ದೊಡ್ಡ ಕರುಳಿಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಈಗ ಲೋಟದ ಹಾಲು ಬಿಟ್ಟಿದ್ದೇನೆ. ಕಾಫಿಗೆ ಹಾಕುವಷ್ಟು ತಡೆಯುತ್ತದೆ, ಮೊಸರು ಏನೂ ಮಾಡುವುದಿಲ್ಲ. ಹಾಲು ಮೊಸರಾಗುವಾಗ ಆ ಸಕ್ಕರೆ ಸ್ವಲ್ಪ ಕರಗಿರುತ್ತದೆ. ಕೇಳಿದವರೂ ಹಾಲೇ ಕುಡಿಯುತ್ತಿದ್ದಾರಲ್ವಾ? ಎರಡು ವಾರ ಬಿಟ್ಟು ನೋಡಿ.

ಇನ್ನೊಂದು. ನನ್ನ ತಮ್ಮನಿಗೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಚಟ. ಅದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಸಾರ್ಬಿಟಾಲ್ ಕೂಡ ಇದೇ ಆಟ ಆಡುತ್ತದೆ, ಜೊತೆಗೆ ಜಗಿಯುವಾಗ ನುಂಗುವ ಗಾಳಿ ಬೇರೆ. ಬಿಟ್ಟ ವಾರಕ್ಕೇ ಅವನ ಹೊಟ್ಟೆ ತೆಪ್ಪಗಾಯಿತು.

ಮೈಸೂರಿನಿಂದ
ಮನೆಮದ್ದು ಕೇಳಿದ್ದೀರಿ, ಯಾರೂ ಹೇಳಲಿಲ್ಲ. ನಮ್ಮಜ್ಜಿ ಅರ್ಧ ಚಮಚ ಓಮ, ಚಿಟಿಕೆ ಉಪ್ಪು ಬಾಯಿಗೆ ಹಾಕಿ ಮೇಲೆ ಬಿಸಿನೀರು ಕೊಡುತ್ತಿದ್ದರು. ಇಂಗಿನ ಮಜ್ಜಿಗೆಯೂ ಉಂಟು. ಹೊಟ್ಟೆ ಉಬ್ಬರಿಸಿದಾಗ ನನಗೆ ಹಾಯೆನಿಸುತ್ತದೆ. ಆದರೆ ಹಸಿವಿನ ಸದ್ದಿಗೆ ಓಮ ತಿಂದು ಪ್ರಯೋಜನವಿಲ್ಲ, ಸುಮ್ನೆ ಖಾರ. ಅವರೆಕಾಳಿನ ಕಾಲದಲ್ಲಿ ಮಾತ್ರ ನಮ್ಮನೆಯಲ್ಲಿ ಎಲ್ಲರ ಹೊಟ್ಟೆಯೂ ಮಾತಾಡುತ್ತದೆ! ಒಣಕಾಳಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಎಷ್ಟೋ ಕಡಿಮೆಯಾಗುತ್ತದೆ.

ಧಾರವಾಡದಿಂದ
ಒಂದು ಎಚ್ಚರಿಕೆ. ನಮ್ಮ ಭಾವನವರು "ಗ್ಯಾಸ್, ಗ್ಯಾಸ್" ಎಂದುಕೊಂಡೇ ಮೂರು ತಿಂಗಳು ಕಳೆದರು. ಅಷ್ಟರಲ್ಲಿ ಪ್ಯಾಂಟ್ ಸಡಿಲ, ದಿನಾ ಬೇಧಿ. ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಸೂಕ್ಷ್ಮಜೀವಿ ಸಿಕ್ಕಿತು, ಮಾತ್ರೆಯಿಂದ ಹೋಯಿತು. ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರವೋ ಬಿಡದ ಬೇಧಿಯೋ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ, ನೋವು, ವಾಂತಿ, ಗಾಳಿಯೂ ಹೋಗದಿದ್ದರೆ ಕಾಯಲೇಬೇಡಿ, ಆಗಲೇ ಆಸ್ಪತ್ರೆ.

ಕೇಳಿದವರು, ಹತ್ತು ದಿನದ ಮೇಲೆ
ಹಾಲು ಬಿಟ್ಟೆ. ಎರಡು ಇಡ್ಲಿ ತಿಂದು ಹೊರಡುತ್ತಿದ್ದೇನೆ. 11ಕ್ಕೆ ಸದ್ದಿಲ್ಲ. ಹಾಲೋ ಹಸಿವೋ, ಯಾವುದು ಕಾರಣ ಎಂದು ಇನ್ನೂ ಗೊತ್ತಾಗಿಲ್ಲ, ಎರಡನ್ನೂ ಒಟ್ಟಿಗೇ ಬದಲಾಯಿಸಿಬಿಟ್ಟೆ ನೋಡಿ. ಇವತ್ತು ಒಂದು ಗಂಟೆ ಹೊತ್ತಿಗೆ ಗುರ್ರ್ ಎಂದು ಕೇಳಿಸಿತು. ನನ್ನದೇ ಎಂದು ಹೊಟ್ಟೆ ಹಿಡಿದುಕೊಂಡೆ. ಪಕ್ಕದ ಕುರ್ಚಿಯದ್ದು.