ಯುಕೆಜಿ ಮಕ್ಕಳ ವಾರದ ಸುದ್ದಿ: ಮನೆಯವರು ಓದುವ ಹಾಗೆ ಬರೆಯೋದು ಹೇಗೆ?

ಪ್ರಶ್ನೆ: ಯುಕೆಜಿ ಮಿಸ್, ತಿಪಟೂರು ಕಡೆ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಯುಕೆಜಿ ನೋಡಿಕೊಳ್ಳುತ್ತೇನೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪೋಷಕರ ವಾಟ್ಸಾಪ್ ಗ್ರೂಪಿಗೆ ‘ವಾರದ ಸುದ್ದಿ’ ಹಾಕುತ್ತೇನೆ. ಈ ವಾರ ಏನು ಮಾಡಿದೆವು, ಯಾವ ಹಾಡು ಹೇಳಿದೆವು, ಮುಂದಿನ ವಾರ ಏನು ತರಬೇಕು, ಇಷ್ಟೇ. ಹಾಕಿದ ತಕ್ಷಣ ಕೈಮುಗಿಯುವ ಚಿತ್ರಗಳು ಬರುತ್ತವೆ. ಅದಾದ ಮೇಲೆ ಪ್ರತಿ ಸಲ ಅದೇ ಪ್ರಶ್ನೆ: "ಮಿಸ್, ನೋಟ್‌ಬುಕ್ಕಲ್ಲಿ ಏನೂ ಬರೆಸಿಲ್ವಲ್ಲ?"

ಅವರ ಮೇಲೆ ನನಗೆ ಬೇಸರ ಇಲ್ಲ. ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಕೊಬ್ಬರಿ ಮಂಡಿಯಲ್ಲಿ, ಕಾಯಿ ಸುಲಿಯುವ ಕೆಲಸದಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು. ಪಕ್ಕದ ಮನೆ ಮಗು ಕಾನ್ವೆಂಟಿಗೆ ಹೋಗಿ ಒಂದರಿಂದ ನೂರು ಬರೆದುಕೊಂಡು ಬರುತ್ತದೆ. ಇವರ ಮಗು ಬಂದು "ಇವತ್ತು ಕಾಯಿ ಅಲ್ಲಾಡಿಸಿದ್ವಿ" ಅನ್ನುತ್ತದೆ. ಹೆತ್ತವರಿಗೆ ಹೆದರಿಕೆ ಆಗೇ ಆಗುತ್ತದೆ, ಅಲ್ವಾ?

ಆ ಕಾಯಿ ಅಲ್ಲಾಡಿಸಿದ ದಿನ ಏನಾಯ್ತು ಅಂತ ಹೇಳುತ್ತೇನೆ. ಚಾಪೆ ಮೇಲೆ ಮೂರು ಇಟ್ಟಿದ್ದೆ. ಒಂದು ಎಳನೀರು, ಒಂದು ಬಲಿತ ಕಾಯಿ, ಒಂದು ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿದ ಕೊಬ್ಬರಿ ಕಾಯಿ. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಎಳನೀರಲ್ಲಿ ನೀರು ತುಂಬಿಕೊಂಡಿರುತ್ತದೆ, ಸದ್ದೇ ಬರಲ್ಲ. ಬಲಿತದ್ದರಲ್ಲಿ ಗುಳುಗುಳು. ಕೊಬ್ಬರಿಯಲ್ಲಿ ಗಡಗಡ. "ಗಡಗಡ ಯಾಕೆ?" ಅಂತ ಕೇಳಿದೆ. ಮಂಡಿಯಲ್ಲಿ ಕೆಲಸ ಮಾಡುವವರ ಮಗಳು ಹೇಳಿದಳು, "ನೀರೆಲ್ಲ ಖಾಲಿಯಾಗಿ ಅದು ಚಿಪ್ಪಿಂದ ಬಿಡಿಸ್ಕೊಂಡಿದೆ ಮಿಸ್." ಯಾರೂ ಹೇಳಿಕೊಟ್ಟದ್ದಲ್ಲ. ಆಮೇಲೆ ಮೂರನ್ನೂ ಎತ್ತಿ ನೋಡಿ, ಭಾರದ್ದು ಮೊದಲು, ಹಗುರದ್ದು ಕೊನೆಗೆ ಅಂತ ಸಾಲಾಗಿ ಇಟ್ಟರು.

ಕಿವಿಗೊಟ್ಟು ಕೇಳೋದು, ಹೋಲಿಸೋದು, ಸಾಲಾಗಿ ಜೋಡಿಸೋದು, ಕಾರಣ ಯೋಚಿಸೋದು, ತನ್ನ ಸರದಿಗೆ ಕಾಯೋದು, ಎಲ್ಲ ಆ ಅರ್ಧ ಗಂಟೆಯಲ್ಲೇ ಆಯಿತು. ಇದು ಪಾಠವೇ ಅಂತ ಮನೆಯವರಿಗೆ ಅನ್ನಿಸುವ ಹಾಗೆ ವಾರದ ಸುದ್ದಿ ಬರೆಯುವುದು ಹೇಗೆ? ಕೆಲವು ಮನೆಗಳಲ್ಲಿ ಓದು ಬರುವವರು ರಾತ್ರಿ ಬರುತ್ತಾರೆ, ಮಗು ಇರೋದು ಅಜ್ಜಿ ಹತ್ತಿರ. ಅವರಿಗೂ ತಲುಪಬೇಕು. ಇನ್ನೊಂದು, ನಾನು ಅಕ್ಷರಗಳನ್ನು ರ ಗ ಸ ದ ಅ ಕ್ರಮದಲ್ಲಿ ಶುರು ಮಾಡಿದ್ದೇನೆ. "ಅ ಆ ಇ ಈ ಬಿಟ್ಟು ಇದೇನು?" ಅಂತ ಕೇಳುತ್ತಿದ್ದಾರೆ. ಅದಕ್ಕೂ ಚಿಕ್ಕದಾಗಿ ಉತ್ತರ ಕೊಡಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ: ಒಬ್ಬ ಅಮ್ಮ, ಪೀಣ್ಯ

ಮಿಸ್, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಿಮ್ಮ ಗ್ರೂಪಿನಲ್ಲಿರುವ ಅಮ್ಮಂದಿರ ಥರಾನೇ. ಶಾಲೆ ಮೆಸೇಜು ನೋಡೋದು ಅನ್ನಕ್ಕಿಟ್ಟು ಕುಕ್ಕರ್ ಕೂಗುವಷ್ಟರಲ್ಲಿ. ಉದ್ದ ಇದ್ದರೆ ಆಮೇಲೆ ಓದೋಣ ಅಂತ ಬಿಡುತ್ತೇನೆ, ಆ ಆಮೇಲೆ ಬರೋದೇ ಇಲ್ಲ.

ಮಗನನ್ನು ದಿನಾ ಕೇಳುತ್ತೇನೆ, "ಏನು ಮಾಡಿದ್ಯೋ ಇವತ್ತು?" ಅವನು "ಏನಿಲ್ಲ" ಅನ್ನುತ್ತಾನೆ. ಅಲ್ಲಿಗೆ ಮುಗಿಯಿತು. ನನಗೆ ಅವನ ಹತ್ತಿರ ಮಾತಾಡೋಕೆ ಸಿಗೋದು ಆ ಒಂದು ಹೊತ್ತು. ನೀವು ಮೇಲೆ ಬರೆದ ಕಾಯಿ ಕಥೆ ನನಗೆ ಗೊತ್ತಿದ್ದರೆ "ಗಡಗಡ ಅಂದದ್ದು ಯಾವ ಕಾಯಿ?" ಅಂತ ಕೇಳುತ್ತಿದ್ದೆ. ಅವನು ಎದ್ದು ನಿಂತು ಮಾಡಿ ತೋರಿಸುತ್ತಿದ್ದ.

ಅಷ್ಟು ಕೊಡಿ ಸಾಕು. ಮಗುವಿನ ಹತ್ತಿರ ಕೇಳೋಕೆ ಒಂದು ಪ್ರಶ್ನೆ, ಉತ್ತರ ಏನು ಬರಬಹುದು ಅಂತ ಒಂದು ಸಾಲು. ನಮ್ಮ ಮಗು ಕಲಿಯುತ್ತಿದೆ ಅನ್ನೋದು ಅದರ ಬಾಯಲ್ಲೇ ಬಂದರೆ ನೋಟ್‌ಬುಕ್ ಯಾರು ಕೇಳುತ್ತಾರೆ?

ಉತ್ತರ: ನಿವೃತ್ತ ಮೇಷ್ಟ್ರು, ಎಚ್.ಡಿ. ಕೋಟೆ

ರ ಗ ಸ ದ ಅ ವಿಷಯ ನಾನು ಹೇಳುತ್ತೇನೆ ಮೇಡಂ. ಈ ಕ್ರಮದಲ್ಲಿ ಅಕ್ಷರ ಕಲಿಸುವ ನಲಿಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ, ಶುರುವಾಗಿದ್ದು ನಮ್ಮ ತಾಲ್ಲೂಕಿನಲ್ಲೇ, 1995ರಲ್ಲಿ. ಆಗ ನಮ್ಮೂರ ಹಿರಿಯರೂ ಇದೇ ಪ್ರಶ್ನೆ ಕೇಳಿದ್ದರು. ಪೋಷಕರಿಗೆ ಸಿದ್ಧಾಂತ ಹೇಳಬೇಡಿ. ಐದು ಅಕ್ಷರ ಕಲಿತ ಮಗುವನ್ನು ಅವರ ಮುಂದೆ ಕೂರಿಸಿ ಓದಿಸಿ.

ಅ ಆ ಇ ಈ ಉ ಕಲಿತ ಮಗು ಅಷ್ಟರಲ್ಲೇ ಯಾವ ಪದ ಓದೀತು? ಹುಡುಕಬೇಕು. ರ ಗ ಸ ದ ಅ ಕಲಿತ ಮಗು ಸರ ಓದುತ್ತದೆ, ದರ ಓದುತ್ತದೆ, ಅರಸ, ಅಗಸ, ಗರಗಸ ಓದುತ್ತದೆ. ಮುಂದೆ ಜ ವ ಮ ಬ ನ ಬಂದರೆ ಮರ, ವನ, ಜನ, ದನ, ನಗ, ಬಸವ. ಒಂದು ಕಾಗುಣಿತವೂ ಇಲ್ಲದೆ ಇಷ್ಟು. ಬರೆಯುವಾಗಲೂ ಅನುಕೂಲ ಇದೆ. ರ ತಿದ್ದಿದ ಕೈಗೆ ಗ ಸುಲಭ, ಎರಡರ ಆಕಾರವೂ ಹತ್ತಿರ ಹತ್ತಿರ. ವರ್ಣಮಾಲೆಯ ಸಾಲನ್ನು ಬಾಯಿಪಾಠವಾಗಿ ಹಾಡಿಸಿ, ಅದನ್ನು ಬಿಡಬೇಕಾಗಿಲ್ಲ. ಅಜ್ಜಿಯರಿಗೆ ಅದು ಕೇಳಿಸಿದರೆ ಅರ್ಧ ಗಲಾಟೆ ತಣ್ಣಗಾಗುತ್ತದೆ.

ಬರೆಸುವ ಅವಸರದ ಬಗ್ಗೆಯೂ ಒಂದು ಮಾತು. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಐದು ವರ್ಷದ ಮಗುವಿಗೆ ಅವು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೆರಳಿನ ಹಿಡಿತವೂ ಈಗಷ್ಟೇ ಬರುತ್ತಿರುತ್ತದೆ. ಆ ಕೈಗೆ ಪೆನ್ಸಿಲ್ ಕೊಟ್ಟು ನೂರರವರೆಗೆ ಬರೆ ಅನ್ನೋದು ಹಲ್ಲು ಬರುವ ಮೊದಲೇ ಕಡಲೆ ಕೊಟ್ಟ ಹಾಗೆ. ಜೇಡಿಮಣ್ಣು ಕಲಸಲಿ, ಮಣಿ ಪೋಣಿಸಲಿ, ಕಾಗದ ಹರಿಯಲಿ, ಅವರೆಕಾಯಿ ಸುಲಿಯಲಿ. ಬರವಣಿಗೆಗೆ ತಯಾರಿ ಅಂದರೆ ಅದೇ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕ, ಮನೆಮಾತಿನಲ್ಲಿ ಕಲಿಸಿ ಅಂತಲೇ ಹೇಳುತ್ತದೆ. ಪೋಷಕರ ಸಭೆಯಲ್ಲಿ ಯಾರಾದರೂ ಜೋರು ಮಾಡಿದರೆ ಅದನ್ನು ತೆಗೆದು ತೋರಿಸಿ. ವಾರದ ಸುದ್ದಿಯಲ್ಲಿ ಬೇಡ.

ಉತ್ತರ: ಕನ್ನಡದ ಅಮ್ಮ, ನ್ಯೂಜೆರ್ಸಿ

ಇಲ್ಲಿ ನನ್ನ ಮಗಳು ಕಿಂಡರ್‌ಗಾರ್ಟನ್ ಓದುತ್ತಿದ್ದಾಳೆ. ಪ್ರತಿ ಶುಕ್ರವಾರ ಟೀಚರ್ ಈಮೇಲ್ ಬರುತ್ತದೆ. ಈ ವಾರದ ಅಕ್ಷರ, ನೋಡಿದ ಕೂಡಲೇ ಓದಬೇಕಾದ ಪದಗಳ ಪಟ್ಟಿ, ಲೈಬ್ರರಿ ಪುಸ್ತಕ ವಾಪಸ್ ತರುವ ದಿನ, ಸ್ನ್ಯಾಕ್ಸ್ ನಿಯಮ. ನಿಜ ಹೇಳಬೇಕು ಅಂದ್ರೆ ಇವನ್ನೆಲ್ಲ ಕಣ್ಣಾಡಿಸಿ ಬಿಡುತ್ತೇನೆ. ನಾನು ನಿಲ್ಲೋದು ಕೊನೆಯ ಭಾಗದಲ್ಲಿ. ಆ ವಾರ ಮಕ್ಕಳು ಆಡಿದ ಮಾತುಗಳನ್ನು ಟೀಚರ್ ಇದ್ದ ಹಾಗೇ ಬರೆದಿರುತ್ತಾರೆ, ಹೆಸರು ಹಾಕದೆ. ಬೀಜದ ಪಾಠ ಆದ ವಾರ ಒಂದು ಮಗು ಕೇಳಿತ್ತಂತೆ, "ಬೀಜಕ್ಕೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗತ್ತೆ?" ನಾನೂ ನನ್ನ ಗಂಡನೂ ಊಟ ಮಾಡುತ್ತಾ ಅದನ್ನೇ ಮಾತಾಡಿದೆವು.

ನಿಮ್ಮ "ಚಿಪ್ಪಿಂದ ಬಿಡಿಸ್ಕೊಂಡಿದೆ ಮಿಸ್" ಇದೆಯಲ್ಲ, ಅದನ್ನು ದಯವಿಟ್ಟು ಸುದ್ದಿಯಲ್ಲಿ ಹಾಕಿ. ಬೇರೆ ವಿವರಣೆ ಬೇಕಾಗಿಲ್ಲ.

ಇಲ್ಲಿ ಫೆಬ್ರವರಿ ಹೊತ್ತಿಗೆ ಶಾಲೆ ಶುರುವಾಗಿ ನೂರನೇ ದಿನ ಬರುತ್ತದೆ. ಅವತ್ತು ಪ್ರತಿ ಮಗುವೂ ಯಾವುದಾದರೂ ನೂರು ವಸ್ತು ಎಣಿಸಿಕೊಂಡು ಹೋಗಬೇಕು. ನಾವು ಅಲಸಂದೆ ಕಾಳು ತೆಗೆದುಕೊಂಡು ಹತ್ತತ್ತರ ಗುಂಪು ಮಾಡಿದೆವು. ನೂರರವರೆಗೆ ಬರೆಯೋದಕ್ಕಿಂತ ನೂರು ಅಂದರೆ ಎಷ್ಟು ಅಂತ ಕೈಯಲ್ಲಿ ಹಿಡಿದು ನೋಡಿದ್ದು ಅವಳಿಗೆ ನೆನಪಿದೆ. ಇದನ್ನು ನೀವು ಹುಣಸೆ ಬೀಜದಲ್ಲಿ ಮಾಡಬಹುದು, ಖರ್ಚೇ ಇಲ್ಲ. ಕಾನ್ವೆಂಟ್ ಜೊತೆ ಹೋಲಿಸುವ ಅಪ್ಪಂದಿರನ್ನು ಅವತ್ತು ಎಣಿಸೋಕೆ ಕರೆಯಿರಿ.

ಉತ್ತರ: ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಓದಾಕ ಬರದ ಅಜ್ಜಿಯರ ಬಗ್ಗೆ ಕೇಳೀರಿ, ಅದಕ್ಕ ಬರ್ಯಾಕತ್ತೀನಿ. ನಮ್ಮಲ್ಲಿ ಮಕ್ಕಳನ್ನ ಕರಕೊಂಡು ಹೋಗಾಕ ಬರೋರು ಬಹುತೇಕ ಆಯಿ, ಅಜ್ಜನೇ. ನಾನು ವಾರದ ಸುದ್ದಿನ ಮೊದಲು ದನಿ ರೆಕಾರ್ಡ್ ಮಾಡಿ ಹಾಕ್ತೀನ್ರಿ. ಎರಡು ನಿಮಿಷ ದಾಟಂಗಿಲ್ಲ. ಕೊನೆಗೆ ಆ ವಾರದ ಹಾಡು ಮಕ್ಕಳ ದನಿಯಾಗೇ ಇರತೈತಿ. ಮೊಮ್ಮಗಳ ದನಿ ಬರತೈತೇನೋ ಅಂತ ಪೂರಾ ಕೇಳ್ತಾರ್ರಿ.

ಬಾಗಲ ಹತ್ರ ಒಂದು ಹಲಗಿ ತೂಗುಹಾಕೀನಿ. ಬರಹ ಇಲ್ಲ, ಚಿತ್ರ ಅಷ್ಟ. ಇವತ್ತು ಹೆಸರುಕಾಳು ನೆನಿಸಿದ್ರ ಕಾಳಿನ ಚಿತ್ರ. ಆಯಿ ಕೇಳ್ತಾಳ, ಮಗು ಹೇಳತೈತಿ. ಅಜ್ಜಿಯರಿಂದ ನಮಗೂ ಕಲಿಯೋದು ಐತ್ರಿ. ಒಬ್ಬಾಕಿ ಬಂದು ಮಕ್ಕಳಿಗೆ ಬೆರಳ ಗೆಣ್ಣಿನ ಮ್ಯಾಲೆ ಹೆಬ್ಬೆರಳಿಟ್ಟು ಎಣಿಸೋದು ಕಲಿಸಿದಳು. ನಾಕು ಬೆರಳು, ಒಂದೊಂದಕ್ಕ ಮೂರು ಗೆಣ್ಣು, ಒಂದು ಕೈಯಾಗ ಹನ್ನೆರಡು. ಆ ವಾರದ ಸುದ್ದಿ ಪೂರಾ ಆಕಿದೇ.

ಫೋಟೋ ಬಗ್ಗೆ ಎಚ್ಚರ ಇರ್ಲಿ. ಒಂದು ಮನಿಯವರ ಕೂಸಿನ ಫೋಟೋ ಮತ್ತೊಬ್ಬರ ಸ್ಟೇಟಸ್‌ನ್ಯಾಗ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ತಾಯಿ ತಂದಿ ಒಪ್ಪಿಗಿ ಬೇಕು. ನಾನು ಕೈ ಅಷ್ಟ ತೆಗಿತೀನಿ. ಮಣ್ಣು ಹತ್ತಿದ ಕೈ, ಕಾಳು ಹಿಡಿದ ಕೈ. ಅದು ತಮ್ಮ ಮಗಂದೇ ಅಂತ ಅವ್ವಂದಿರು ಕೈಬಳಿ ನೋಡಿ ಗುರುತು ಹಿಡೀತಾರ.

ಪ್ರಶ್ನೆ ಕೇಳಿದವರು: ಯುಕೆಜಿ ಮಿಸ್, ತಿಪಟೂರು ಕಡೆ

ಎಲ್ಲರಿಗೂ ಮನಸಾರೆ ಧನ್ಯವಾದ. ಮೇಷ್ಟ್ರೇ, ಗರಗಸದ ಉದಾಹರಣೆಯನ್ನು ಸಭೆಯಲ್ಲಿ ಹೇಳುತ್ತೇನೆ, ಮಕ್ಕಳ ಕೈಯಲ್ಲೇ ಓದಿಸುತ್ತೇನೆ. ಹಾವೇರಿ ಅಕ್ಕಾ, ಹಲಗೆಗೆ ಇವತ್ತೇ ಮೊಳೆ ಹೊಡೆಸಿದೆ. ಈ ಶನಿವಾರಕ್ಕೆ ಬರೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಉದ್ದ ಆಯಿತು ಅನ್ನಿಸಿದರೆ ಹೇಳಿ, ಕಡಿಮೆ ಮಾಡುತ್ತೇನೆ.

*ಯುಕೆಜಿ ವಾರದ ಸುದ್ದಿ*

*ಸೋಮವಾರ ಹೆಸರುಕಾಳು ನೆನೆಹಾಕಿದೆವು. ಮಂಗಳವಾರ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿದೆವು. ಬುಧವಾರ ಬಿಚ್ಚಿದಾಗ ಮೊಳಕೆ ಬಂದಿತ್ತು. "ಕಾಳಿಗೆ ಬಾಲ ಬಂತು" ಅಂತ ಒಬ್ಬರು ಕೂಗಿದರು. "ಬಾಲ ಅಲ್ಲ, ಕಾಲು. ಅದು ನೀರು ಹುಡುಕ್ತಿದೆ" ಅಂದರು ಇನ್ನೊಬ್ಬರು. ಇಬ್ಬರೂ ತಮ್ಮ ಮಾತಿಗೆ ಕಾರಣ ಕೊಟ್ಟರು. ಕೊನೆಗೆ ಸೌತೆಕಾಯಿ, ನಿಂಬೆಹಣ್ಣು ಹಾಕಿ ಕೋಸಂಬರಿ ಮಾಡಿ ತಿಂದೆವು.*

*ಮನೆಯಲ್ಲಿ ಕೇಳಿ: "ಕಾಳಿಗೆ ಬಂದದ್ದು ಬಾಲನೋ ಕಾಲೋ?" ಮಗು ಏನು ಹೇಳಿದರೂ "ಹೇಗೆ ಗೊತ್ತಾಯ್ತು?" ಅಂತ ಇನ್ನೊಂದು ಸಲ ಕೇಳಿ.*

*ಲೆಕ್ಕ: ಚೌಕಾಬಾರ ಆಡಿದೆವು. ನಾಲ್ಕು ಕವಡೆ ಹಾಕಿ ಎಷ್ಟು ಮೇಲ್ಮುಖವಾಗಿವೆ ಅಂತ ನೋಡಬೇಕು. ಈಗ ಹಲವರು ಒಂದೊಂದಾಗಿ ಎಣಿಸದೆ, ನೋಡಿದ ಕೂಡಲೇ ಮೂರು ಅನ್ನುತ್ತಾರೆ. ಮನೆಯಲ್ಲಿ ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಬದಿ ಉಜ್ಜಿ ಬಿಳಿ ಮಾಡಿಕೊಂಡು ಆಡಿ.*

*ಓದು: ರ, ಗ, ಸ ಬಂದಿವೆ. ಸರ ಅಂತ ಬರೆದು ತೋರಿಸಿ, ಓದುತ್ತಾರೆ.*

*ಕೈ ಕೆಲಸ: ರೊಟ್ಟಿ ತಟ್ಟುವಾಗ ಒಂದು ಸಣ್ಣ ಉಂಡೆ ಹಿಟ್ಟು ಮಗುವಿನ ಕೈಗೂ ಕೊಡಿ. ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಬಲ ಬರುವುದು ಅದರಿಂದಲೇ.*

*ಮುಂದಿನ ವಾರ ತರಬೇಕಾದದ್ದು: ತೊಳೆದು ಒಣಗಿಸಿದ ಬಾಟಲಿ ಮುಚ್ಚಳಗಳು, ಎಷ್ಟಿದ್ದರೆ ಅಷ್ಟು.*

ಇದನ್ನೇ ನನ್ನ ದನಿಯಲ್ಲಿ ಹೇಳಿ ರೆಕಾರ್ಡ್ ಮಾಡಿದೆ. ಎರಡು ನಿಮಿಷದ ಒಳಗೇ ಬಂತು. ಕೊನೆಯಲ್ಲಿ ಮಕ್ಕಳು ವರ್ಣಮಾಲೆ ಹಾಡಿದ್ದಾರೆ. ಫೋಟೋ ಒಪ್ಪಿಗೆ ಚೀಟಿ ಸೋಮವಾರ ಮಕ್ಕಳ ಬ್ಯಾಗಿನಲ್ಲಿ ಹೋಗುತ್ತದೆ. ಅದು ಸಹಿಯಾಗಿ ಬರುವವರೆಗೆ ಗ್ರೂಪಿಗೆ ಮೊಳಕೆ ಕಾಳಿನ ಫೋಟೋ ಮಾತ್ರ ಹಾಕುತ್ತೇನೆ.

ಉತ್ತರ: ಒಬ್ಬ ಅಮ್ಮ, ಪೀಣ್ಯ

ಉದ್ದ ಇಲ್ಲ ಮಿಸ್, ಸರಿಯಾಗಿದೆ. "ಮನೆಯಲ್ಲಿ ಕೇಳಿ" ಅನ್ನೋದನ್ನು ಎಲ್ಲಕ್ಕಿಂತ ಮೇಲೆ ಹಾಕಿ. ಫೋನ್ ತೆಗೆದ ಕೂಡಲೇ ಕಾಣಲಿ.